ಕಾಕಾನ ಉಲ್ಲನ್ ಎತ್ತು

ಮೊದಲನೆಯ ಎತ್ತನ್ನು ನಾನು ಎತ್ತು ಮಾಡಬೇಕೆಂದೇ ಮಾಡಿದೆ ಎಂದು ನನ್ನ ನೆನಪು. ನಾನು ಮಾಡಲು ಹೊರಟಿದ್ದು ನಾಯಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಕಿವಿ ಹಚ್ಚುವ ಹೊತ್ತಿಗೆ ಅದು ತೀರ ಅಗಲವಾಗಿಬಿಟ್ಟಿತ್ತಂತೆ. ನಾನು ಸ್ವಲ್ಪ ಹೊತ್ತು ಅದನ್ನು ದಿಟ್ಟಿಸಿ ನೋಡಿ, ಎರಡು ಕೊಂಬು ಹೆಣೆದು ಕಿವಿಯ ಮೇಲೆ ಹೊಲಿದು, ಇದು ಎತ್ತು ಎಂದೆನಂತೆ. ಇದು ನಡೆದು ಬಹಳ ಕಾಲವೇನೂ ಆಗಿಲ್ಲ. ಆದರೂ ನಮ್ಮಿಬ್ಬರಲ್ಲಿ ಯಾರ ಮಾತು ನಿಜ ಎಂದು ತೀರ್ಮಾನಿಸುವ ದಾರಿ ಕಾಣುತ್ತಿಲ್ಲ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿದವನು ನಾನು. ಕಣ್ಣಾರೆ ಕಂಡದ್ದನ್ನೂ ಅನುಮಾನಿಸಬೇಕು ಎಂದು ಹುನಗುಂದದ ಕಾಲೇಜಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಆ ಪಾಠವನ್ನು ಇಳಕಲ್ಲಿನ ನಮ್ಮ ಮನೆಯವರು ನನ್ನ ಮೇಲೇ ಪ್ರಯೋಗಿಸುತ್ತಾರೆ ಎಂದುಕೊಂಡಿರಲಿಲ್ಲ.

ಕುಳಿತಲ್ಲಿ ಕೂರುವ ಸ್ವಭಾವ ನನ್ನದಲ್ಲ. ಸ್ಟಾಫ್ ರೂಮಿನಲ್ಲಿ ನಾನು ಕಾಲು ಅಲ್ಲಾಡಿಸಿದರೆ ಮೇಜು ಅಲ್ಲಾಡಿ ಪಕ್ಕದವರ ಚಹಾ ಬಸಿಯೊಳಗೆ ಚೆಲ್ಲುತ್ತಿತ್ತು. ಮನೆಯಲ್ಲಿ ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ತಿರುಗುತ್ತಿದ್ದೆ. ಒಂದು ದಿನ ನನ್ನ ಹೆಂಡತಿ ತಾನು ಬಾಗಿಲ ತೋರಣ ಹೆಣೆಯಲು ತಂದು ಅರ್ಧಕ್ಕೆ ಬಿಟ್ಟಿದ್ದ ಕ್ರೋಶಾ ಕಡ್ಡಿಯನ್ನೂ ಒಂದು ಉಂಡೆ ಉಲ್ಲನ್ ಅನ್ನೂ ನನ್ನ ಕೈಗೆ ಕೊಟ್ಟು, "ತಿರಗ್ಯಾಡೂದಾದ್ರ ಇದನ್ನರ ಸುತ್ತಕೋತ ತಿರಗ್ಯಾಡ್ರಿ" ಅಂದಳು.

ತುದಿಯಲ್ಲಿ ಕೊಕ್ಕೆ ಇರುವ ಒಂದೇ ಕಡ್ಡಿ. ದಾರದ ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆಯುತ್ತ ಹೋಗುವುದು. ಗುಂಡಗೆ ಸುತ್ತುತ್ತ ಕುಣಿಕೆ ಹೆಚ್ಚಿಸಿದರೆ ಬಟ್ಟಲಾಗುತ್ತದೆ, ಹೆಚ್ಚಿಸದೆ ಬಿಟ್ಟರೆ ಕೊಳವೆಯಾಗುತ್ತದೆ, ಕಡಿಮೆ ಮಾಡಿದರೆ ಬಾಯಿ ಮುಚ್ಚುತ್ತದೆ. ಮುಚ್ಚುವ ಮುಂಚೆ ಹೊಟ್ಟೆಗೆ ಏನಾದರೂ ತುಂಬಬೇಕು. ಇಷ್ಟು ಗೊತ್ತಾದ ಮೇಲೆ ನನಗೆ ಜಗತ್ತಿನ ಪ್ರಾಣಿಗಳೆಲ್ಲ ಬಟ್ಟಲು ಮತ್ತು ಕೊಳವೆಗಳಾಗಿ ಕಾಣತೊಡಗಿದವು. ಬೀದಿಯ ಹಂದಿ ಎಂದರೆ ಒಂದು ದೊಡ್ಡ ಕೊಳವೆ, ಮುಂದೆ ಒಂದು ಸಣ್ಣ ಕೊಳವೆ. ಬಾದಾಮಿಯಲ್ಲಿ ಮಂಗವೊಂದು ನನ್ನ ಕನ್ನಡಕ ಕಿತ್ತುಕೊಂಡು ಬಂಡೆ ಹತ್ತಿದಾಗ ಜೊತೆಯಲ್ಲಿದ್ದವರು ಕಡಲೆ ತೋರಿಸುತ್ತ ಅದರ ಹಿಂದೆ ಓಡಿದರು. ನಾನು ಅದರ ಸೊಂಟ ಎಲ್ಲಿ ಕಿರಿದಾಗುತ್ತದೆ ಎಂದು ನೋಡುತ್ತ ನಿಂತಿದ್ದೆ. ಕನ್ನಡಕವಿಲ್ಲದೆ ನೋಡಿದ್ದರಿಂದ ನಾನು ಹೆಣೆದ ಮಂಗ ಉಂಡೆಯಾಗಿ ಬಂತು.

ಮೊಬೈಲಿನಲ್ಲಿ ಮಾದರಿಗಳು ಬೇಕಾದಷ್ಟು ಸಿಗುತ್ತವೆ. ಯಾವ ಸುತ್ತಿಗೆ ಎಷ್ಟು ಕುಣಿಕೆ ಎಂದು ಅವರೇ ಎಣಿಸಿ ಕೊಟ್ಟಿರುತ್ತಾರೆ. ನಾನು ಅವನ್ನು ನೋಡುತ್ತಿರಲಿಲ್ಲ. ನನ್ನದೇ ಲೆಕ್ಕವನ್ನು ಬರೆದಿಡುತ್ತಲೂ ಇರಲಿಲ್ಲ. ಬರೆದಿಟ್ಟರೆ ಎರಡನೆಯ ಸಲ ಮಾಡುವಾಗ ಅದು ನಕಲಾಗುತ್ತದೆ ಎಂಬುದು ನನ್ನ ಸಿದ್ಧಾಂತ. ಈ ಸಿದ್ಧಾಂತಕ್ಕೆ ಮುಂದೆ ಬಂದ ಗತಿಯನ್ನು ಹೇಳುತ್ತೇನೆ.

ಹೆಣೆದ ಹಂದಿಯನ್ನು ಕಾಲೇಜಿಗೆ ಒಯ್ದು ಮೇಜಿನ ಮೇಲಿಟ್ಟು ಬಾಲ ಹೊಲಿಯುತ್ತಿದ್ದಾಗ ಚಹಾ ಚೆಲ್ಲಿಸಿಕೊಳ್ಳುವ ಸಹೋದ್ಯೋಗಿ ಬಹಳ ಹೊತ್ತು ಅದನ್ನು ನೋಡಿದರು.

"ಸರ್, ಇದು ಹಂದಿನೋ, ನಮ್ಮ ಪ್ರಿನ್ಸಿಪಾಲ್ರೋ?"

"ಹಂದಿರಿ."

"ಸ್ವಲ್ಪ ಗಂಭೀರ ಆಗೇತಿ. ಅದಕ್ಕ ಕೇಳಿದ್ನಿ."

ಆ ವರ್ಷವೇ ಕಾಕಾ ನಮ್ಮ ಮನೆಗೆ ಬಂದದ್ದು. ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಸರ್ಕಾರಿ ಬಸ್ಸಿನ ನಿವೃತ್ತ ಕಂಡಕ್ಟರ್. ಗುಡೂರಿನಲ್ಲಿ ಕಾಕಿ ತೀರಿಕೊಂಡ ಮೇಲೆ ನಮ್ಮವ್ವ ಹೋಗಿ, "ಇಲ್ಲಿ ಒಬ್ಬಾಂವ ಕುಂತು ಏನ ಕಾಯ್ತಿ?" ಎಂದು ಅವನನ್ನು ಕರೆತಂದಳು. ದಪ್ಪ ಮೀಸೆ, ಹೆಗಲಿಗೆ ಯಾವಾಗಲೂ ಆ ಹಳೆಯ ಚರ್ಮದ ಚೀಲ. ಹಗಲಿನಲ್ಲಿ ಅವನಿಂದ ಯಾರಿಗೂ ತೊಂದರೆ ಇರಲಿಲ್ಲ. ನಿದ್ದೆ ಮಾತ್ರ ಬರುತ್ತಿರಲಿಲ್ಲ. ಹತ್ತಿದ ಜೊಂಪಿನಲ್ಲೂ ಅವನು ಹುಬ್ಬಳ್ಳಿಯಿಂದ ಇಳಕಲ್ಲಿಗೆ ಬರುವ ಬಸ್ಸಿನಲ್ಲೇ ಇರುತ್ತಿದ್ದ. "ಕುಳಗೇರಿ ಕ್ರಾಸ್, ಕುಳಗೇರಿ ಕ್ರಾಸ್, ಇಳಿಯೋರು ಮುಂದ ಬರ್ರಿ" ಎಂದು ಕೂಗಿ, ತನ್ನ ಕೂಗಿಗೆ ತಾನೇ ಎಚ್ಚರಾಗಿ ಎದ್ದು ಕೂರುತ್ತಿದ್ದ. ಬಸ್ಸು ಬಾದಾಮಿಗೂ ಬರುತ್ತಿರಲಿಲ್ಲ. ಮನೆಯವರೆಲ್ಲ ಎದ್ದು ಕೂರುತ್ತಿದ್ದೆವು. ಕಾಕಾನ ಕಣ್ಣು ಒಳಗೆ ಹೋದವು. ಸ್ನಾನ ಮಾಡುತ್ತ ಮಾಡುತ್ತ ಬಚ್ಚಲಲ್ಲಿ ತೂಕಡಿಸಿ ಗೋಡೆಗೆ ಹಣೆ ಬಡಿಸಿಕೊಂಡ. ಡಾಕ್ಟರು ಕೊಟ್ಟ ಗುಳಿಗೆಯಿಂದ ಕುಳಗೇರಿ ಕ್ರಾಸ್ ಸ್ವಲ್ಪ ತಡವಾಗಿ ಬರತೊಡಗಿತು, ಅಷ್ಟೇ.

ಅವನನ್ನು ಖುಷಿಪಡಿಸಬೇಕೆಂದು ನಾನು ಒಂದು ಕೆಂಪು ಬಸ್ಸು ಹೆಣೆದೆ. ಕಾಕಾ ಅದನ್ನು ತಿರುಗಿಸಿ ನೋಡಿ ಕೇಳಿದ:

"ಯಾವ ಡಿಪೋದ್ದು ಇದು?"

"ನಮ್ಮ ಮನಿದ ಕಾಕಾ."

"ಬಾಗ್ಲಾ ಡ್ರೈವರ್ ಕಡೆ ಇಟ್ಟೀಯಲ್ಲೋ. ಮಂದಿ ಅವನ ತೊಡಿ ತುಳಕೊಂಡ ಹತ್ತಬೇಕೇನು? ಮತ್ತ ಇಷ್ಟ ಮೆತ್ತಗಿನ ಬಸ್ಸಿನ್ಯಾಗ ಯಾರ ಕುಂದರ್ತಾರ?"

ಎತ್ತನ್ನು ನಾನು ಅವನಿಗೆ ಕೊಟ್ಟಿದ್ದಲ್ಲ. ಮುಗಿಸಿ ಎಲ್ಲೋ ಇಟ್ಟಿದ್ದೆ. ಅದು ಅವನ ಮಂಚದ ಮೇಲೆ ಹೋಗಿ ಬಿದ್ದಿತ್ತು. ಒಂದು ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಬಂದರೂ ಕಾಕಾ ಏಳಲಿಲ್ಲ. ಅವ್ವ ಗಾಬರಿಯಾಗಿ ಹೋಗಿ ನೋಡಿದರೆ, ಎತ್ತನ್ನು ಕುತ್ತಿಗೆ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು, ಅದರ ಡುಬ್ಬದ ಮೇಲೆ ಕೈಯಿಟ್ಟು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಹೆಂಡತಿ ನನ್ನನ್ನು ಕರೆದು ಪಿಸುಗುಟ್ಟಿದಳು, "ಇವತ್ತ ಕಾಕಾರು ಇಳಕಲ್ ಮುಟ್ಟಿದ್ರು."

ಅಂದಿನಿಂದ ಮನೆಯಲ್ಲಿ ಯಾರೂ ಆಡದೆ ಒಂದು ನಿಯಮ ಜಾರಿಗೆ ಬಂತು. ಎತ್ತಿನ ಬಗ್ಗೆ ಮಾತಾಡಬಾರದು. ಅಷ್ಟು ದೊಡ್ಡ ಮೀಸೆಯ ಮನುಷ್ಯ ಗೊಂಬೆ ತಬ್ಬಿಕೊಂಡು ಮಲಗುತ್ತಾನೆಂದು ಯಾರು ಹೇಳುವುದು? ಬೆಳಿಗ್ಗೆ ಎದ್ದು ಅವನು ಅದನ್ನು ಹೊದಿಕೆಯ ಕೆಳಗೆ ಸರಿಸುತ್ತಿದ್ದ. ಅವ್ವ ಹೊದಿಕೆ ಮಡಚದೆ ಮೇಲಿನಿಂದಲೇ ಸವರಿ ಹಾಸಿಗೆ ಸರಿಮಾಡುತ್ತಿದ್ದಳು. ಹೊದಿಕೆಯ ಕೆಳಗೆ ಕೊಂಬು ಎದ್ದು ಕಾಣುತ್ತಿತ್ತು. ಬಂದವರು ಅದು ಏನೆಂದು ಕೇಳಿದರೆ ನಾವು ಚಹಾ ತಗೊಳ್ಳಿ ಎನ್ನುತ್ತಿದ್ದೆವು. ಅದೇ ದಿನಗಳಲ್ಲಿ ನನ್ನ ಹೆಂಡತಿ ತನ್ನ ತಲೆದಿಂಬು ಯಾಕೋ ಚಪ್ಪಟೆಯಾಗಿದೆ ಎಂದು ಗೊಣಗುತ್ತಿದ್ದಳು. ಅರಳೆ ಹಾಗೇ, ಕೂತುಬಿಡುತ್ತದೆ ಎಂದು ನಾನು ಹೇಳಿದೆ.

ಜೂನ್ ಬಂತು. ನಮ್ಮ ಕಡೆ ಮುಂಗಾರು ಹಿಡಿಯುವ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ. ಕರಿಮಣ್ಣು ಕಲಸಿ ಜೋಡಿ ಎತ್ತು ಮಾಡಿ ದೇವರ ಜಗಲಿಯ ಮೇಲಿಟ್ಟು ಪೂಜಿಸಿ, ಸಜ್ಜಕದ ಎಡೆ ಹಿಡಿದು, ಬಳಿಕ ಬರುವ ಸೋಮವಾರ ನೀರಿಗೆ ಬಿಡುವುದು ನಮ್ಮ ಮನೆಯ ಪದ್ಧತಿ. ಅವ್ವನ ಕೈಯ ಎತ್ತುಗಳೆಂದರೆ ಓಣಿಗೆಲ್ಲ ಗೊತ್ತು. ಕತ್ತು ಸ್ವಲ್ಪ ಒಂದು ಕಡೆ ಹೊರಳಿಸಿ, ಯಾರೋ ಕರೆದದ್ದಕ್ಕೆ ತಿರುಗಿ ನೋಡುವ ಹಾಗೆ ಮಾಡುತ್ತಿದ್ದಳು. ಎದುರುಮನೆಯ ನೇಕಾರರ ಅಕ್ಕ ಕೂಡ ತನ್ನ ಮನೆಗೆ ಅವ್ವನ ಕೈಯಿಂದಲೇ ಮಾಡಿಸಿಕೊಂಡು ಹೋಗುತ್ತಿದ್ದಳು. ಆದರೆ ಆ ವರ್ಷ ಅವ್ವ ಹಿತ್ತಲಲ್ಲಿ ಜಾರಿಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು.

"ಪ್ಯಾಟ್ಯಾಗ ಬಣ್ಣ ಹಚ್ಚಿದ್ದು ಬಂದಾವ್ರಿ ಅಕ್ಕಾರ. ನಾ ನಿಮಗೂ ಒಂದ ಜೋಡಿ ತರ್ತೇನಿ" ಎಂದಳು ಎದುರುಮನೆ ಅಕ್ಕ.

"ಬ್ಯಾಡ. ಮನಿ ಎತ್ತು ಮನಿ ಮಂದಿ ಕೈಲೇ ಆಗಬೇಕು. ನಾ ಈ ಮನಿಗೆ ಬಂದಾಗಿಂದ ಒಂದ ವರ್ಷ ತಪ್ಪಿಲ್ಲ" ಎಂದಳು ಅವ್ವ. ಪ್ಲಾಸ್ಟರಿನ ಕೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ನನ್ನ ಕಡೆ ನೋಡಿದಳು.

ಮಣ್ಣಿನಲ್ಲಿ ನಾನು ಮಾಡಿದ್ದು ಎರಡು ಬಟಾಟೆಯ ಹಾಗೆ ಆಗಿ, ಒಣಗಿ, ಸೀಳಿತು. ಅವ್ವ ಅದನ್ನು ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ, ಕಾಕಾ ಸಂತೆಗೆ ಹೋದ ಸಮಯ ನೋಡಿ, ಹೊದಿಕೆ ಎತ್ತಿ ಕರಿ ಉಲ್ಲನ್ನಿನ ಎತ್ತನ್ನು ಹೊರಗೆ ತಂದಳು.

"ಇದು ಎತ್ತು ಅಲ್ಲೇನು? ನೀನ ಮಾಡಿದ್ದು. ಇದಕ್ಕೊಂದ ಜೋಡಿ ಮಾಡಿ ಕೊಡು."

"ಅವ್ವಾ, ಹಬ್ಬದ ಹೆಸರು ಮಣ್ಣೆತ್ತು. ಇದು ಮಣ್ಣಲ್ಲ."

"ಕುರಿ ಹುಲ್ಲ ತಿಂತೈತಿ. ಹುಲ್ಲು ಮಣ್ಣಾಗ ಬೆಳಿತೈತಿ. ಉಣ್ಣಿ ಮತ್ತೆಲ್ಲಿಂದ ಬಂತು?"

"ಇದು ಕುರಿ ಉಣ್ಣಿ ಅಲ್ಲ. ಫ್ಯಾಕ್ಟರ್‍ಯಾಗ ಪೆಟ್ರೋಲಿನ ಎಣ್ಣಿಲಿಂದ ತಗೀತಾರ."

"ಆ ಎಣ್ಣಿ ಎಲ್ಲಿಂದ ತಗೀತಾರ?"

"ಭೂಮ್ಯಾಗಿಂದ."

"ಆತಲ್ಲ ಮತ್ತ" ಎಂದು ಅವ್ವ ಎತ್ತನ್ನು ಪೂಜೆಯ ದಿನದ ತನಕ ಮತ್ತೆ ಹೊದಿಕೆಯ ಕೆಳಗಿಟ್ಟು ಅಡುಗೆಮನೆಗೆ ಹೋದಳು.

ನಾನು ಜೋಡಿ ಎತ್ತು ಹೆಣೆಯಲು ಕುಳಿತೆ. ಸುತ್ತಿನ ಆರಂಭ ಗೊತ್ತಾಗಲೆಂದು ಅಲ್ಲೊಂದು ಪಿನ್ನು ಸಿಕ್ಕಿಸುತ್ತಾರೆ. ನಾನು ಸಿಕ್ಕಿಸುತ್ತಿದ್ದೆ, ಆದರೆ ಯಾವ ಸುತ್ತಿಗೆ ಸಿಕ್ಕಿಸಿದೆ ಎಂಬುದನ್ನು ಮರೆಯುತ್ತಿದ್ದೆ. ಹೀಗಾಗಿ ಅದರ ಮುಂದಿನ ಬಲಗಾಲು ಗಿಡ್ಡವಾಯಿತು. ನಾಲ್ಕೂ ಕಾಲಿಗೆ ಒಂದೇ ಲೆಕ್ಕ ಹಿಡಿದಿದ್ದೆ ಎಂದು ಈಗಲೂ ಪ್ರಮಾಣ ಮಾಡಬಲ್ಲೆ. ಕಾಕಾ ಅದನ್ನು ಜಗಲಿಯ ಮೇಲೆ ನಿಲ್ಲಿಸಿ ನೋಡಿ, ಅದು ಮುಗ್ಗರಿಸಿದ ಮೇಲೆ, "ಕುಂಟ ಐತಿ" ಎಂದ. ಪಕ್ಕದಲ್ಲಿ ತನ್ನ ಎತ್ತು ನಿಂತದ್ದನ್ನೂ ಆಗಲೇ ಅವನು ನೋಡಿದ್ದು. ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡ.

ಪೂಜೆ ಚೆನ್ನಾಗಿಯೇ ಆಯಿತು. ಅವ್ವ ಎಡಗೈಯಿಂದಲೇ ಅರಿಷಿಣ ಕುಂಕುಮ ಹಚ್ಚಿದಳು, ವಿಭೂತಿ ಎಳೆದಳು. ಇಷ್ಟು ಮೆತ್ತಗಿನ ಎತ್ತಿಗೆ ಕುಂಕುಮ ಹಚ್ಚಿದರೆ ಬೆರಳು ಒಳಗೇ ಹೋಗುತ್ತದೆಂದು ನಕ್ಕಳು. ಎದುರುಮನೆ ಅಕ್ಕ ಬಂದು ನೋಡಿ ಕೈಮುಗಿದು, "ಚಲೋ ಆಗ್ಯಾವ್ರಿ. ಸೋಮವಾರ ನೀರಿಗೆ ಬಿಡಾಕ ನಾನೂ ಬರ್ತೇನಿ" ಎಂದಳು.

ನೀರಿಗೆ ಬಿಡುವ ಮಾತು ನಮ್ಮಲ್ಲಿ ಯಾರಿಗೂ ಹೊಳೆದಿರಲೇ ಇಲ್ಲ. ಮಣ್ಣಾದರೆ ಯಾರೂ ಅದನ್ನು ಮತ್ತೆ ಹಾಸಿಗೆಗೆ ಒಯ್ಯುವುದಿಲ್ಲ, ಆದ್ದರಿಂದ ಆ ಪ್ರಶ್ನೆ ಹುಟ್ಟಿಯೇ ಇರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಕೂತಿದ್ದ ಕಾಕಾನ ಕೈಯಿಂದ ಸಜ್ಜಕದ ತಟ್ಟೆ ಸ್ವಲ್ಪ ಓರೆಯಾಯಿತು.

ಅಂದು ಮತ್ತೆ ಕುಳಗೇರಿ ಕ್ರಾಸ್ ಬಂತು. ಮರುದಿನವೂ ಬಂತು. ಮೂರನೆಯ ದಿನ ಕಾಕಾ ಉಗುರುಬೆಚ್ಚಗಿನ ನೀರು ತುಂಬಿದ ಚೊಂಬನ್ನು ಚಹಾ ಎಂದು ಕುಡಿದ. ಆಮೇಲೆ ಜಗಲಿಯ ಮುಂದೆ ನಿಂತು ಅವ್ವನ ಜೊತೆ ವಾದಕ್ಕೆ ಇಳಿದ.

"ವೈನಿ, ನಾವು ಕೊರಳಾಗ ಲಿಂಗ ಕಟ್ಟಿದವರು. ಮೂರ್ತಿ ಪೂಜಿ ನಮಗ ಬ್ಯಾಡ ಅಂತ ಹಿರ್‍ಯಾರು ಹೇಳ್ಯಾರೋ ಇಲ್ಲೋ?"

"ಹೇಳ್ಯಾರ."

"ಹಂಗಾರ ಇದು ದೇವ್ರಲ್ಲ."

"ಅಲ್ಲ."

"ದೇವ್ರಲ್ಲಂದ್ರ ನೀರಿಗೆ ಯಾಕ ಬಿಡಬೇಕು?"

"ದೇವ್ರಲ್ಲ, ಖರೆ. ಪೂಜಿ ಆಗೇತಿ, ಅದೂ ಖರೆ."

"ಎರಡೂ ಹೆಂಗ ಖರೆ ಆಗ್ತಾವು?"

"ನೀ ರಿಟೈರ್ ಆಗೀದಿ. ಮಂದಿ ಇನ್ನೂ ಕಂಡಕ್ಟರ್ ಅಂತ ಕರೀತಾರಿಲ್ಲೋ? ಹಂಗ."

ಕಾಕಾ ನನ್ನ ಕಡೆ ತಿರುಗಿದ. "ಮಾಸ್ತರ, ನೀ ಹೇಳಪಾ. ನಿಮ್ಮ ಶಾಸ್ತ್ರದಾಗ ಇದಕ್ಕೇನಂತಾರ?"

ನಾನು ಗಂಟಲು ಸರಿಮಾಡಿಕೊಂಡು, ಪೂಜೆಗೆ ಮುಂಚೆ ಅದು ಉಲ್ಲನ್ ಆಗಿತ್ತು, ಪೂಜೆಯ ಮೇಲೂ ಉಲ್ಲನ್ನೇ, ವಸ್ತುವಿನಲ್ಲಿ ಏನೂ ಬದಲಾಗಿಲ್ಲ ಎಂದೆ.

"ಮದ್ವಿಕಿಂತ ಮುಂಚೆನೂ ನೀನ, ಆಮ್ಯಾಲೂ ನೀನ" ಎಂದಳು ಅವ್ವ. "ಹಂಗಂತ ನಿನ್ನ ಹೆಂಡ್ತಿ ತಾಳಿ ಬಿಚ್ಚಿ ಗೂಟಕ್ಕ ಹಾಕ್ತಾಳೇನು?" ನನ್ನ ಹೆಂಡತಿ ಒಳಗಿನಿಂದ, ವಿಚಾರ ಮಾಡ್ತೇನ್ರಿ ಅತ್ತಿ ಎಂದಳು. ಅವ್ವ ಕಾಕಾನನ್ನು ಕೇಳಿದಳು, "ಅಲ್ಲ, ನಿನಗ್ಯಾಕ ಇದರ ಚಿಂತಿ?"

ಕಾಕಾ ಮೀಸೆ ಒರೆಸಿಕೊಂಡ.

"ನನಗೇನ ಆಗಬೇಕೈತಿ. ತತ್ವದ ಮಾತು ಹೇಳಿದ್ನಿ" ಎಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಕೂತಲ್ಲೇ ತೂಕಡಿಸಿದ.

ಅವ್ವನದು ಕಲ್ಲು ಮನಸ್ಸು ಅಲ್ಲ. ಆದರೆ ಪೂಜೆ ಮಾಡಿದ್ದನ್ನು ಹಾಸಿಗೆಗೆ ಕೊಟ್ಟರೆ ಮನೆಗೆ ಏನಾದರೂ ಆದೀತು, ಆದದ್ದು ಕಾಕಾನಿಗೇ ಆದೀತು ಎಂಬ ಭಯ ಅವಳಿಗೆ. ಇಂಥದೇ ಇನ್ನೊಂದು ಎತ್ತು ಮಾಡಿ ಕಾಕಾನಿಗೆ ಕೊಟ್ಟುಬಿಡಿ ಎಂದು ಹೆಂಡತಿ ಸಲಹೆ ಕೊಟ್ಟಳು. ಸುಲಭದ ಮಾತು. ಆದರೆ ಇಂಥದು ಎಂದರೆ ಎಂಥದು? ನಾನು ಬರೆದಿಟ್ಟಿರಲಿಲ್ಲ. ಜಗಲಿಯ ಮೇಲಿದ್ದದ್ದನ್ನು ಇಳಿಸಿ ಅಳೆಯಲು ಅವ್ವ ಬಿಡುತ್ತಿರಲಿಲ್ಲ. ದೂರದಿಂದ ಅದರ ಮುಖ ಮಾತ್ರ ಕಾಣುತ್ತಿತ್ತು, ಅದರ ಮೇಲೂ ವಿಭೂತಿ. ಡುಬ್ಬ ಎಷ್ಟು ಎತ್ತರ ಇತ್ತು ಎಂದು ಕಣ್ಣುಮುಚ್ಚಿ ನೆನೆದರೆ ನನಗೆ ಬಾದಾಮಿಯ ಮಂಗ ಕಾಣುತ್ತಿತ್ತು.

ಕೊನೆಗೆ ಕಾಕಾನನ್ನೇ ಕೇಳಿದೆ. ನೇರವಾಗಿ ಕೇಳುವ ಹಾಗಿಲ್ಲ. "ಕಾಕಾ, ಹಿಂಗ ಒಂದು ಎತ್ತು ಇತ್ತು ಅಂತ ತಿಳಕೊ. ಅದರ ಡುಬ್ಬ ಎಷ್ಟಿದ್ದಿರಬಹುದು?"

"ನನಗೇನ ಗೊತ್ತಲೇ" ಎಂದ. ಸ್ವಲ್ಪ ಹೊತ್ತು ಬೀದಿ ನೋಡಿದ. ಆಮೇಲೆ ಕಣ್ಣು ಮುಚ್ಚಿ, ಗಾಳಿಯಲ್ಲಿ ಅಂಗೈ ಕುಳಿಮಾಡಿ, ಕುತ್ತಿಗೆಯ ಪಕ್ಕಕ್ಕೆ ತಂದ. "ಇದ್ದಿದ್ದ ಖರೆ ಆದ್ರ, ಇಷ್ಟ ಇದ್ದೀತು. ಇಲ್ಲಿ ಕುಂದರತೈತಿ. ಕೊಂಬು ಕಿವಿ ಹಿಂದ ಹೋಗ್ತಾವು, ಚುಚ್ಚೂದಿಲ್ಲ." ಬಣ್ಣ ಯಾವುದಿತ್ತು ಎಂದು ಕೇಳಿದೆ. "ಬಣ್ಣ ಯಾರ ನೋಡ್ಯಾರ" ಎಂದ.

ಅವನ ಅಂಗೈಯ ಕುಳಿಗೆ ಸರಿಯಾಗಿ ನಾನು ಮೂರನೆಯ ಎತ್ತನ್ನು ಹೆಣೆಯತೊಡಗಿದೆ. ಕರಿ ಉಲ್ಲನ್ ಮುಗಿದಿತ್ತು. ಬಾಗಲಕೋಟೆಯಲ್ಲಿ ಸಿಗಲಿಲ್ಲ, ಕೆರೂರಿನ ಬಳೆ ಅಂಗಡಿಯೊಂದರಲ್ಲಿ ಕಾಫಿ ಬಣ್ಣದ್ದು ಸಿಕ್ಕಿತು. ಬಸ್ಸಿನಲ್ಲಿ ಹೆಣೆದೆ, ಪರೀಕ್ಷೆಯ ಕೋಣೆಯಲ್ಲಿ ಹೆಣೆದೆ. ಅಲ್ಲಿ ಮಕ್ಕಳು ನಕಲು ಮಾಡುವುದನ್ನು ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು. ಕುಂಟೆತ್ತಿಗೆ ತುಂಬಿದ ಫೋಮಿನ ತುಂಡುಗಳನ್ನೇ ಇದರ ಹೊಟ್ಟೆಗೂ ತುಂಬಿ, ಮುಗಿಸಿ ಶನಿವಾರ ಕಾಕಾನ ಮಂಚದ ಮೇಲಿಟ್ಟೆ. ಭಾನುವಾರ ಬೆಳಿಗ್ಗೆ ಅದು ನನ್ನ ಮೇಜಿನ ಮೇಲೆ ಗೋಡೆಗೆ ಮುಖ ಮಾಡಿ ನಿಂತಿತ್ತು.

"ಯಾಕ ಕಾಕಾ?"

"ಪರವೂರಿನ ಎತ್ತು ಅದು" ಎಂದ. ಅವನ ಕಣ್ಣು ಕೆಂಪಗಿದ್ದವು.

ಉಳಿದದ್ದು ಒಂದೇ ದಾರಿ. ಅಂದು ಮಧ್ಯಾಹ್ನ ಅವ್ವ ಎದುರುಮನೆಗೆ ಹೋದಾಗ ಕಾಫಿ ಬಣ್ಣದ ಎತ್ತಿಗೆ ದೀಪದ ಕಾಡಿಗೆ ತಿಕ್ಕಿ, ಮೇಲೆ ವಿಭೂತಿ ಕುಂಕುಮ ಹಚ್ಚಿ, ಜಗಲಿಯ ಮೇಲೆ ಕುಂಟೆತ್ತಿನ ಪಕ್ಕ ನಿಲ್ಲಿಸಿದೆ. ನಿಜವಾದ ಎತ್ತನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಹೋಗಿ ಕಾಕಾನ ಹೊದಿಕೆಯ ಕೆಳಗೆ ತುರುಕಿದೆ. ದೇವರನ್ನು ನಂಬದವನು ದೇವರ ಜಗಲಿಯಿಂದ ಎತ್ತು ಕದಿಯುವಾಗ ಎದೆ ಯಾಕೆ ಹೊಡೆ‌ದುಕೊಳ್ಳಬೇಕೋ ಗೊತ್ತಿಲ್ಲ. ಹೊಡೆದುಕೊಂಡಿತು.

ಎಲ್ಲ ಸರಿಯಾಗಿಯೇ ಇತ್ತು, ಗೊರಕೆಯೊಂದನ್ನು ಬಿಟ್ಟು. ಅವ್ವ ಮರಳಿ ಬಂದಾಗ ಕಾಕಾನ ಗೊರಕೆ ಅಂಗಳಕ್ಕೆ ಕೇಳುತ್ತಿತ್ತು. ಅವಳು ಬಾಗಿಲಲ್ಲಿ ಸ್ವಲ್ಪ ನಿಂತಳು. ಜಗಲಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನನ್ನ ಬೆರಳೆಲ್ಲ ಕಾಡಿಗೆ. "ಕೈ ತೊಳಕೊ" ಎಂದಷ್ಟೇ ಹೇಳಿದಳು.

ಸೋಮವಾರ ಆಟೋದಲ್ಲಿ ಹೊರಟೆವು. ಗುಡೂರು ದಾರಿಯ ತೋಟವೊಂದರ ಬಾವಿಗೆ ಅವ್ವ ಪ್ರತಿ ವರ್ಷ ಎತ್ತು ಬಿಡುತ್ತಾಳೆ. ಎದುರುಮನೆ ಅಕ್ಕ ಊದುಬತ್ತಿ ಹಿಡಿದು ಬಂದಳು. ಬರುವುದಿಲ್ಲ ಎಂದಿದ್ದ ಕಾಕಾ ಕೊನೆಯ ಗಳಿಗೆಯಲ್ಲಿ ಚೀಲ ಹಾಕಿಕೊಂಡು ಬಂದು ಡ್ರೈವರನ ಪಕ್ಕ ಕೂತ. ಅವ್ವ ಬಾವಿಯ ಕಟ್ಟೆಯ ಮೇಲೆ ಎತ್ತುಗಳನ್ನು ಇಟ್ಟು, ಪೂಜೆ ಮಾಡಿ, ಎಡಗೈಯಿಂದ ಒಂದೊಂದಾಗಿ ನೀರಿಗೆ ಬಿಟ್ಟಳು.

ಎತ್ತುಗಳು ತೇಲಿದವು.

ಮುಳುಗಬಹುದೆಂದು ನಾವು ಕಾದೆವು. ಕುಂಟೆತ್ತು ಒಂದು ಕಡೆ ವಾಲಿಕೊಂಡು, ಕಾಫಿ ಎತ್ತು ನೆಟ್ಟಗೆ, ಎರಡೂ ಬಾವಿಯ ಗೋಡೆಯ ಸುತ್ತ ನಿಧಾನವಾಗಿ ಸುತ್ತತೊಡಗಿದವು. ತೋಟದ ಮಾಲಕ ಬಂದು ಇಣುಕಿ ನೋಡಿದ.

"ಏನ್ರಿ ಇವು?"

"ಮಣ್ಣೆತ್ತು" ಎಂದಳು ಅವ್ವ.

"ಮಣ್ಣಿನವು ಯಾವಾಗಿಂದ ತೇಲಾಕ ಹತ್ತಿದುವ್ರಿ?"

ಬಿದಿರಿನ ಗಳದಿಂದ ಒತ್ತಿ ಹಿಡಿದೆವು. ಗಳ ತೆಗೆದ ಕೂಡಲೇ ಮೊದಲಿಗಿಂತ ಹುರುಪಿನಿಂದ ಮೇಲೆ ಬಂದವು. ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನವನು ಇಳಿದು ಬಂದು, ಒಳಗೆ ಕಲ್ಲು ತುಂಬಬೇಕಿತ್ತು ಎಂದ. ಅವನ ಜೊತೆಗಿದ್ದವನು, ಕಲ್ಲು ತುಂಬಿ ಮುಳುಗಿಸಿದರೆ ಅದು ಬಿಡುವುದು ಹೇಗಾಗುತ್ತದೆ, ಕೊಲೆಯಾಗುತ್ತದೆ ಎಂದ. ಎದುರುಮನೆ ಅಕ್ಕ ಇನ್ನೂ ಉದ್ದದ ಗಳ ತರಲು ಗುಡಿಸಲ ಕಡೆ ಹೋದಳು. ಮಾಲಕನ ಚಿಂತೆ ಬೇರೆಯಿತ್ತು. "ಮಣ್ಣಾದ್ರ ಕರಗತೈತ್ರಿ. ಈ ದಾರಾ ಬಿಚ್ಚಿ ಮೋಟರಿಗೆ ಸಿಕ್ಕೊಂಡ್ರ ನಾ ಏನ ಮಾಡ್ಲಿ?"

ಅವ್ವ ಯಾರ ಮಾತೂ ಕೇಳುತ್ತಿರಲಿಲ್ಲ. ಪ್ಲಾಸ್ಟರಿನ ಕೈ ನೋಡಿಕೊಂಡು ಮೆಲ್ಲಗೆ ಹೇಳಿದಳು, "ನನ್ನ ಕೈಲೇ ಆಗಲಿಲ್ಲಲ್ಲ ಈ ವರ್ಷ. ಅದಕ್ಕ ನೀರು ಒಲ್ಲೆ ಅನ್ನಾಕ ಹತ್ತೇತಿ."

ಆ ಮಾತನ್ನು ನಾನು ಕೇಳಿಸಿಕೊಂಡೆ. ಕಾಕಾನೂ ಕೇಳಿಸಿಕೊಂಡ. ಅವನು ಬಾವಿಯನ್ನು ನೋಡಿದ, ಅವ್ವನ ಕೈಯನ್ನು ನೋಡಿದ. ಚೀಲದ ಗುಂಡಿ ತೆಗೆದ.

"ನಿನ್ನ ಕೈದಲ್ಲ ವೈನಿ ತಪ್ಪು. ಅದು ಖರೇ ಎತ್ತಲ್ಲ. ಖರೇದು ಇಲ್ಲೈತಿ."

ಚೀಲದಿಂದ ಕರಿ ಎತ್ತನ್ನು ತೆಗೆದ. ಡುಬ್ಬದ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದ. ನಾನು ಅವನ ತೋಳು ಹಿಡಿಯಲು ಹೋದೆ, ಆದರೆ ಅಷ್ಟರಲ್ಲಿ ಬಾಗಿ ಬಿಟ್ಟುಬಿಟ್ಟಿದ್ದ. ಅದು ಮುಳುಗುತ್ತದೆ ಎಂದು ನನಗೆ ಗೊತ್ತಿತ್ತು. ಯಾಕೆಂದರೆ ಅದರ ಹೊಟ್ಟೆಗೆ ನಾನು ತುಂಬಿದ್ದು ಎದುರುಮನೆಯ ಮಗ್ಗದ ಕೆಳಗೆ ಬಿದ್ದ ನೂಲಿನ ತುಂಡುಗಳನ್ನು. ಮೊಣಕಾಲೂರಿ ಆರಿಸಿದ್ದು, ಕೆಂಪು ರೇಷ್ಮೆಯ ಎಳೆ ಬೆರಳಿಗೆ ಸುತ್ತಿಕೊಂಡದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ನೆಂದ ನೂಲು ಕಲ್ಲಿನ ಹಾಗೆ. ಕರಿ ಎತ್ತು ನೀರಿನೊಳಗೆ ಹೋಯಿತು. ಕಾಕಾ ಕಟ್ಟೆ ಹಿಡಿದುಕೊಂಡು ನೋಡುತ್ತಿದ್ದ. ಆಮೇಲೆ ಮೊದಲು ಕೊಂಬು, ಬಳಿಕ ಮುಖ, ಅದರ ಹಿಂದೆ ಡುಬ್ಬ ಮೇಲೆ ಬಂದವು. ಅದು ಹೋಗಿ ಉಳಿದೆರಡರ ಜೊತೆ ಸೇರಿಕೊಂಡಿತು.

ಗಳ ಹಿಡಿದು ಬಂದ ಎದುರುಮನೆ ಅಕ್ಕ ಇಣುಕಿದಳು. "ನಾ ಹೋಗುಮುಂದ ಎರಡ ಇದ್ದುವಲ್ರಿ. ನೀರಾಗ ಈದುವೇನು?"

"ಎತ್ತು ಈಯೂದಿಲ್ರಿ" ಎಂದ ತೋಟದ ಮಾಲಕ, ಬಹಳ ಬೇಸರದಿಂದ.

ಅವ್ವನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಕಟ್ಟೆಯ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದಳು, "ಖರೇದೂ ಒಲ್ಲೆ ಅಂತು, ಸುಳ್ಳದೂ ಒಲ್ಲೆ ಅಂತು. ಹಂಗಾರ ಇದು ಕೈದಲ್ಲ. ನೀರಿಗೇ ಬ್ಯಾಡಾಗ್ಯಾವು. ನಮ್ಮ ಕೆಲಸ ಬಿಡೂದು, ಬಿಟ್ಟೇವಿ. ತಿರುಗಿ ಕೊಟ್ರ ಬ್ಯಾಡ ಅನ್ನಾಕ ಬರೂದಿಲ್ಲ." ಆಮೇಲೆ ಕಾಕಾನ ಕಡೆ ನೋಡದೆ, "ಎತಗೊಂಡ ನಡೀರಿ. ಬರೂ ವರ್ಷ ನಾ ಮಣ್ಣೀಲೆ ಮಾಡ್ತೇನಿ. ಇವು ಮನ್ಯಾಗ ಇರ್ಲಿ, ಯಾರಿಗೆ ಬೇಕೋ ಅವರ ಕಡೆ ಇರ್ಲಿ" ಎಂದಳು.

ಬಕೇಟಿನಿಂದ ಮೂರನ್ನೂ ಎತ್ತಿದೆವು. ಜಾನುವಾರು ಹಾಕಿಕೊಳ್ಳುವುದಿಲ್ಲ ಎಂದು ಆಟೋದವನು ಮುಖ ಬಿಗಿಹಿಡಿದು ಹೇಳಿದ. ದಾರಿಯುದ್ದಕ್ಕೂ ಅವುಗಳಿಂದ ಕೆಂಪು ನೀರು ಸೋರಿತು.

ಮಾಳಿಗೆಯ ಮೇಲೆ ಒಣಗಲು ಹಾಕಿದೆ. ಕುಂಕುಮ, ಅರಿಷಿಣ, ಕಾಡಿಗೆ ಎಲ್ಲ ಸೇರಿ ಮೂರೂ ಒಂದೇ ಬಣ್ಣಕ್ಕೆ ಬಂದಿದ್ದವು, ಹಳೆಯ ಇಟ್ಟಿಗೆಯ ಹಾಗೆ. ಬಟ್ಟೆ ತೆಗೆಯಲು ಬಂದ ಹೆಂಡತಿ ಒಂದನ್ನು ಹಿಂಡಿ ನೋಡಿದಳು. ಹಿಗ್ಗಿದ ಕುಣಿಕೆಯ ಸಂದಿಯಿಂದ ಬೆಳ್ಳಗಿನ ಒಂದು ಎಳೆ ಎಳೆದಳು.

"ಇದು ಬೂರಲ ಅರಳಿ. ನಮ್ಮ ತವರಿಂದ ತಂದ ತಲೆದಿಂಬಿಂದು."

"ಆ ಎತ್ತಿಗೆ ನಾ ಮಗ್ಗದ ನೂಲು ತುಂಬೀನಿ."

"ನೂಲು ತುಂಬಿದ್ದು ಮಂಗಕ್ಕ. ಅದಕ್ಕ ಅದು ಎತ್ತಾಕ ಬರೂದಿಲ್ಲ ಅಷ್ಟ ವಜ್ಜಾ ಐತಿ. ನನ್ನ ತಲೆದಿಂಬು ಚಪ್ಪಟಿ ಆದಾಗ ಅರಳಿ ಕುಂತೈತಿ ಅಂದವರು ನೀವ ಅಲ್ಲೇನ್ರಿ?"

ಮಂಗ ಕಪಾಟಿನಲ್ಲಿಯೇ ಇತ್ತು. ಹೊಟ್ಟೆ ಬಿಚ್ಚಿ ನೋಡಿದ್ದರೆ ಒಂದು ನಿಮಿಷದಲ್ಲಿ ಇತ್ಯರ್ಥವಾಗುತ್ತಿತ್ತು. ನಾನು ಬಿಚ್ಚಲಿಲ್ಲ.

ಉಲ್ಲನ್ ಒಣಗಲು ಮೋಡದ ದಿನಗಳಲ್ಲಿ ಬಹಳ ಕಾಲ ಬೇಕು. ಅಷ್ಟು ದಿನವೂ ಕುಳಗೇರಿ ಕ್ರಾಸ್ ಬಂದೇ ಬಂತು. ಕಾಕಾ ಮಾತ್ರ ಈಗ ಯಾರಿಗೂ ಮುಚ್ಚಿಡದೆ ಮಾಳಿಗೆ ಹತ್ತಿ ಎತ್ತುಗಳನ್ನು ಮುಟ್ಟಿ ನೋಡಿ ಇಳಿಯುತ್ತಿದ್ದ. ಬಿಸಿಲು ಬಿದ್ದ ಕಡೆಗೆ ನಾನು ಅವನ್ನು ತಿರುವಿ ತಿರುವಿ ಹಾಕುತ್ತಿದ್ದೆ. ಹೀಗೆ ತಿರುವುವಾಗ ಅರಳೆ ಸಿಕ್ಕ ಎತ್ತು ಯಾವುದು ಎಂಬುದು ನನ್ನ ಲೆಕ್ಕದಿಂದ ತಪ್ಪಿಹೋಯಿತು. ಕುಂಟೆತ್ತು ಗುರುತು ಸಿಗುತ್ತಿತ್ತು. ಉಳಿದೆರಡರಲ್ಲಿ ಯಾವುದು ಕಾಕಾನದು, ಯಾವುದು ಅವನ ಅಂಗೈ ನೋಡಿ ನಾನು ಹೆಣೆದದ್ದು, ತಿಳಿಯಲಿಲ್ಲ.

ಒಣಗಿದ ದಿನ ಊಟವಾದ ಮೇಲೆ ಕಾಕಾ ತಾನೇ ಬಂದ. ಒಂದನ್ನು ಎತ್ತಿಕೊಂಡು, ಕಣ್ಣು ಮುಚ್ಚಿ, ಕುತ್ತಿಗೆಗೆ ಇಟ್ಟು ನೋಡಿ, ಕೆಳಗಿಟ್ಟ. ಇನ್ನೊಂದನ್ನು ಇಟ್ಟು ನೋಡಿದ. "ಇದು" ಎಂದು ಬಗಲಲ್ಲಿ ಹಿಡಿದುಕೊಂಡು, ಅವ್ವನ ಮುಂದೆಯೇ ಪಡಸಾಲೆ ದಾಟಿ ಹೋಗಿ ಮಲಗಿದ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿತು.

ಅವನು ತೆಗೆದುಕೊಂಡದ್ದು ಪರವೂರಿನ ಎತ್ತೇ ಎಂದು ನನಗೆ ಬಲವಾದ ಅನುಮಾನ. ಅದರ ಎಡಗಿವಿಯ ಹೊಲಿಗೆ ಕೆರೂರಿನ ಉಲ್ಲನ್ನಿನ ಹಾಗೆ ಕಂಡಿತ್ತು, ಅಥವಾ ಹಾಗೆ ಕಂಡಿತ್ತೆಂದು ಈಗ ಅನಿಸುತ್ತಿದೆ. ಕೊಕ್ಕೆ ಕಡ್ಡಿಯಿಂದ ಹೊಟ್ಟೆಯ ಕುಣಿಕೆ ಸ್ವಲ್ಪ ಸರಿಸಿ ಒಂದು ಎಳೆ ಎಳೆದರೆ ಸಾಕು, ಬೂರಲ ಅರಳೆಯೋ ಅಲ್ಲವೋ ಗೊತ್ತಾಗುತ್ತದೆ. ಕಡ್ಡಿ ಹಿಡಿದು ಮೆಲ್ಲಗೆ ಮಂಚದ ಬಳಿ ಹೋದೆ. ಕಾಕಾನ ತೋಳಿನ ಕೆಳಗೆ ಕಡ್ಡಿ ಹಾಕಿದೆ. ಇನ್ನೇನು ಕುಣಿಕೆ ಸಿಕ್ಕಿತು ಎನ್ನುವಾಗ ಅವನು ಎತ್ತನ್ನು ಕುತ್ತಿಗೆಗೆ ಇನ್ನಷ್ಟು ಒತ್ತಿಕೊಂಡು, ಕಣ್ಣು ತೆರೆಯದೆಯೇ ಕೂಗಿದ:

"ಇಳಕಲ್ ಬಂತ್ರೀ, ಇಳಕಲ್. ಇಳೀರಿ ಎಲ್ಲಾರೂ."

ನಾನು ಕಡ್ಡಿ ಹೊರಗೆಳೆದುಕೊಂಡು, ಹೊಸ್ತಿಲು ದಾಟಿ, ಇಳಿದೆ.